ಸಹಾಯ ಬೇಕು: ಸ್ವೀಡಿಷ್ ಸ್ಯಾಲ್ವೋ (ಎಲ್ಲ ಸಾಲೂ ಒಟ್ಟಿಗೇ ಗುಂಡು ಹಾರಿಸೋದು) ಹೊಡೆದ ಮೇಲೆ ಕೋವಿಯವರ ಸಾಲುಗಳು ಏನು ಮಾಡ್ತಿದ್ದವು?

ಯೂರೋಪಿನ ಮೂವತ್ತು ವರ್ಷಗಳ ಯುದ್ಧದ (1618–48) ಟೇಬಲ್ ಆಟಕ್ಕೆ ನಿಯಮ ಬರೀತಾ ಒಂದು ಕಡೆ ಸಿಕ್ಕಾಕ್ಕೊಂಡಿದೀನಿ.

ಡಚ್ಚರ ಕ್ರಮದ್ದೇನೂ ತಕರಾರಿಲ್ಲ. 1594ರಲ್ಲಿ ಡಚ್ ಸೇನಾನಿ ವಿಲಿಯಂ ಲೂಯಿಸ್ ತನ್ನ ದಾಯಾದಿ, ಇನ್ನೊಬ್ಬ ಸೇನಾನಿ ಮಾರಿಸ್‌ಗೆ ಪತ್ರದಲ್ಲಿ ವಿವರಿಸಿದ್ದು ಅದೇ: ಮುಂದಿನ ಸಾಲು ಗುಂಡು ಹಾರಿಸಿ ಹಿಂದಕ್ಕೆ ಹೋಗಿ ಮದ್ದು ತುಂಬೋದು. ಬತ್ತಿ ಕೋವಿಗೆ (ಉರಿಯೋ ಬತ್ತಿಯಿಂದ ಮದ್ದು ಹೊತ್ತಿಸೋ ಕೋವಿ) ತುಂಬೋಕೆ 1 ನಿಮಿಷ ಅಂತ ಹಿಡಿದರೆ, 10 ಸಾಲಿದ್ದಾಗ 6 ಸೆಕೆಂಡಿಗೊಂದು ಸುತ್ತು. ಲೆಕ್ಕ ಕೂಡುತ್ತೆ.

ತಲೆ ಕೆಟ್ಟಿರೋದು 1631ರ ಬ್ರೈಟನ್‌ಫೆಲ್ಡ್ ಕದನದಲ್ಲಿ. ಸ್ವೀಡನ್ ರಾಜ ಗುಸ್ತಾವ್ ಅಡಾಲ್ಫ್‌ನ ಕೋವಿಯವರು 6 ಸಾಲು. ಹಿಂದಿನವರು ಮುಂದಿನವರ ಸಂದಿಗೆ ಬಂದು 3 ಸಾಲಾಗ್ತಾರೆ. ಮೊದಲ ಸಾಲು ಮಂಡಿಯೂರಿ, ಎರಡನೇದು ಬಗ್ಗಿ, ಮೂರನೇದು ನಿಂತು, ಒಟ್ಟಿಗೇ ಹೊಡೆತ. ಭಯಂಕರ ಹೊಡೆತ, ಸರಿ. ಆದರೆ ಆಮೇಲೆ ಎಲ್ಲರ ಕೋವಿಯೂ ಖಾಲಿ, ಸಂದಿಯೂ ಮುಚ್ಚಿಹೋಗಿದೆ. ಕೈಯಲ್ಲಿ ಉರಿಯೋ ಬತ್ತಿ, ಭುಜಕ್ಕೆ ತಾಗಿ ನಿಂತವನ ಪಟ್ಟಿ ತುಂಬ ಮದ್ದು!

ಆಟದಲ್ಲಿ 3 ಸಾಲಲ್ಲೇ ತುಂಬಿಸಿ ನೋಡಿದೆ: ಆ ಒಂದು ನಿಮಿಷದಲ್ಲಿ ಶತ್ರುವಿನ ಕುದುರೆಗಳು ಕುಕ್ಕುಲೋಟದಲ್ಲೇ 200 ಮೀಟರ್ ದಾಟಿ ಮೈಮೇಲೆ ಬರ್ತವೆ. ವಾಪಸ್ 6 ಸಾಲು ಮಾಡಿದರೆ ಇನ್ನೂ ತಡ. ಈಟಿಯವರನ್ನ ಮುಂದೆ ತಂದರೆ ಉಳೀತಾರೆ, ಆದರೆ ಕೋವಿಯವರಿಗೆ ಗುರಿಯೇ ಕಾಣಲ್ಲ.

ಆ ಕಾಲದ ಡ್ರಿಲ್ ಬಲ್ಲವರು ಹೇಳಿ: ಸ್ಯಾಲ್ವೋ ಆದ ಮೇಲೆ 3 ಸಾಲಲ್ಲೇ ನಿಂತು ತುಂಬ್ತಿದ್ದರಾ, 6ಕ್ಕೆ ಮರಳ್ತಿದ್ದರಾ, ಇಲ್ಲಾ ತುಂಬೋದೇ ಬಿಟ್ಟು ಕತ್ತಿ ಹಿಡಿದು, ಕೋವಿಯ ಹಿಂಬದಿಯಿಂದ ಹೊಡೀತಾ ನುಗ್ತಿದ್ದರಾ?