ಟ್ಯಾಂಕರ್‌ಗೆ ‘ರೂಟ್ ಹಾಕುವುದು’ – ಕನ್ನಡದಲ್ಲಿ ಏನೆನ್ನೋಣ?

ಹುಬ್ಬಳ್ಳಿಯ ಕಾಲೇಜು ಹುಡುಗರಿಗಾಗಿ ಪೆಟ್ರೋಲ್, ಡೀಸೆಲ್ ಟ್ಯಾಂಕರ್‌ಗಳ ಓಡಾಟದ ಬಗ್ಗೆ ಪಾಠ ಬರೆಯುತ್ತಿದ್ದೇನೆ. ಯಾವ ಗಾಡಿ ಯಾವ ಬಂಕಿಗೆ ಹೋಗಬೇಕು, ಯಾವುದರ ನಂತರ ಯಾವುದು ಎಂದು ಮೊದಲೇ ಗೊತ್ತುಮಾಡುವ ಕೆಲಸಕ್ಕೆ ಒಂದು ಮಾತು ಬೇಕಾಗಿದೆ. ‘ಮಾರ್ಗ ಯೋಜನೆ’ ನನಗೆ ಒಗ್ಗುತ್ತಿಲ್ಲ. ಹಾಗೆಂದರೆ ಎಲ್ಲೋ ಹೊಸ ರಸ್ತೆ ಬರುತ್ತಿದೆ ಅನ್ನಿಸುತ್ತದೆ, ಅಲ್ವಾ?

ಇಲ್ಲಿ ದಾರಿ ಹುಡುಕುವುದು ದೊಡ್ಡ ಕೆಲಸವಲ್ಲ. ಅಣ್ಣಿಗೇರಿ ಮೇಲೆ ಗದಗ, ಶಿಗ್ಗಾಂವಿ ಮೇಲೆ ಹಾವೇರಿ, ಇದು ಎಲ್ಲ ಡ್ರೈವರ್‌ಗಳಿಗೂ ಗೊತ್ತು. ಕಷ್ಟ ಇರುವುದು ಲೋಡಿನಲ್ಲಿ. ಟ್ಯಾಂಕರಿನ ಒಳಗೆ ಅಡ್ಡಗೋಡೆ ಹಾಕಿ ಭಾಗ ಮಾಡಿರುತ್ತಾರೆ. 20 ಸಾವಿರ ಲೀಟರ್ ಗಾಡಿಯಲ್ಲಿ 5 ಸಾವಿರದ ನಾಲ್ಕು ಭಾಗ ಇವೆ ಎಂದುಕೊಳ್ಳಿ. ಒಂದರಲ್ಲಿ ಪೆಟ್ರೋಲ್, ಮೂರರಲ್ಲಿ ಡೀಸೆಲ್. ಡಿಪ್ ರಾಡ್ ಇಳಿಸಿ ಅಳೆಯುವ ಗಾಡಿಯಾದರೆ ಒಂದು ಭಾಗದ ಎಣ್ಣೆ ಪೂರ್ತಿ ಒಂದೇ ಬಂಕಿಗೆ ಇಳಿಯಬೇಕು. ಅಣ್ಣಿಗೇರಿಯವರು 7 ಸಾವಿರ ಕೇಳಿದರೆ ಲೆಕ್ಕ ಕೂಡುವುದೇ ಇಲ್ಲ. ಜೊತೆಗೆ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಅಷ್ಟು ಜಾಗ ಖಾಲಿ ಇರಬೇಕು. ಇಲ್ಲದಿದ್ದರೆ ಗಾಡಿ ಸುಮ್ನೆ ಕಾಯುತ್ತದೆ, ಮುಂದಿನ ಬಂಕಿನವರೂ ಕಾಯುತ್ತಾರೆ.

1959ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ ಯಾವ ಗಾಡಿ ಎಲ್ಲಿಗೆ ಎನ್ನುವ ಈ ಗಣಿತವನ್ನು ಮೊದಲು ಬಿಡಿಸಲು ಹೊರಟಾಗ ಅವರ ಉದಾಹರಣೆಯೂ ಪೆಟ್ರೋಲ್ ಲಾರಿಗಳೇ. ಅವರು ಕೊಟ್ಟ ಹೆಸರಿನಲ್ಲಿ ದಾರಿಯ ಮಾತೇ ಇಲ್ಲ, ಲಾರಿ ಕಳಿಸುವ ಸಮಸ್ಯೆ ಎಂದಷ್ಟೇ ಇದೆ. 1964ರಲ್ಲಿ ಇದೇ ಲೆಕ್ಕಕ್ಕೆ ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು ಕೊಟ್ಟ ಉಪಾಯವೂ ಇಂಥದ್ದೇ: ಎರಡು ಬೇರೆ ಬೇರೆ ಟ್ರಿಪ್‌ಗಳನ್ನು ಒಂದು ಮಾಡಿದರೆ ಎಷ್ಟು ದೂರ ಉಳಿಯುತ್ತದೆ ಎಂದು ನೋಡುವುದು.

ಅದಕ್ಕೇ ನಾನು ‘ಟ್ರಿಪ್ ಹೊಂದಿಸುವುದು’ ಎಂದು ಬರೆದಿದ್ದೇನೆ. ಲೋಡು, ಗಾಡಿ, ಸರದಿ ಮೂರನ್ನೂ ‘ಹೊಂದಿಸು’ ಹಿಡಿದುಕೊಳ್ಳುತ್ತದೆ. ‘ಕೆಲಸಕ್ಕೆ ಹಚ್ಚು’ ಎನ್ನುವ ಹಾಗೆ ‘ಗಾಡಿ ಹಚ್ಚುವುದು’ ಎನ್ನಬಹುದೇ ಎಂದೂ ಯೋಚಿಸಿದೆ. ಆದರೆ ಗಾಡಿ ಹಚ್ಚು ಎಂದರೆ ನಮ್ಮ ಕಡೆ ಗಾಡಿ ನಿಲ್ಲಿಸು ಎಂದೂ ಆಗುತ್ತದೆ. ಪಾಠದಲ್ಲಿ ಅದು ಬೇಡ.

ಇನ್ನೊಂದು ಪ್ರಶ್ನೆ. ಟ್ಯಾಂಕರಿನ ಒಂದೊಂದು ಭಾಗಕ್ಕೆ ‘ಖಾನೆ’ ಎಂದರೆ ಹೇಗೆ? ಕಪಾಟಿನ ಖಾನೆ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹಳೇ ಮೈಸೂರು ಕಡೆಯವರಿಗೂ ತಿಳಿಯುತ್ತದೆಯೇ, ಅಥವಾ ಕಂಪಾರ್ಟ್‌ಮೆಂಟ್ ಎಂದೇ ಇಡಲೇ? ಅಲ್ಲಿಯವರು ಹೇಳಿದರೆ ಪಾಠವನ್ನು ಹಾಗೇ ತಿದ್ದುತ್ತೇನೆ.