ರಬ್ಬರ್ ಗಿಡದ ಕವಲಲ್ಲಿ ಗುಲಾಬಿ ಪದರ, ಮೇಲಿನ ಗೆಲ್ಲು ಒಣಗುತ್ತಿದೆ

ಪ್ರಶ್ನೆ
ಸುಳ್ಯ ಕಡೆಯ ತೋಟ. ಆರ್‌ಆರ್‌ಐಐ 105 ತಳಿ, ಐದು ವರ್ಷದ ಗಿಡಗಳು, ಟ್ಯಾಪಿಂಗ್ (ತೊಗಟೆ ಕೆತ್ತಿ ಹಾಲು ತೆಗೆಯುವುದು) ಇನ್ನೂ ಶುರುವಾಗಿಲ್ಲ. ಕವಲಿನಿಂದ ಹಾಲು ಸೋರಿ ಕಾಂಡದ ಮೇಲೆ ಕಪ್ಪು ಗೆರೆ ಬಿದ್ದಿದೆ. ಕವಲಲ್ಲಿ ತೊಗಟೆ ಬಿರಿದು ಗುಲಾಬಿ ಬಣ್ಣದ ಪದರ ಕಾಣುತ್ತದೆ. ಎರಡು ಗಿಡಗಳಲ್ಲಿ ಮೇಲಿನ ಎಲೆ ಒಣಗಿ ಉದುರದೆ ನೇತಾಡುತ್ತಿದೆ, ಕೆಳಗೆ ಹೊಸ ಚಿಗುರು ಬಂದಿದೆ. ಅಡಿಕೆಗೆ ಹೊಡೆಯುವ, ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೇ ಇದಕ್ಕೂ ಹೊಡೆದರೆ ಸಾಕೇ?

ಉತ್ತರ 1
ನೀವು ಬರೆದ ಲಕ್ಷಣಗಳೆಲ್ಲ ಪಿಂಕ್ ರೋಗದ್ದೇ. ಕಾರ್ಟಿಸಿಯಂ ಸಾಲ್ಮೊನಿಕಲರ್ ಎಂಬ ಶಿಲೀಂಧ್ರ. 105 ತಳಿಗೆ ಇದು ಬೇಗ ತಗಲುತ್ತದೆ. ಕವಲಲ್ಲಿ ಮಳೆನೀರಿನ ಪಸೆ ಆರುವುದಿಲ್ಲ, ಹಾಗಾಗಿ ರೋಗ ಅಲ್ಲೇ ಹುಟ್ಟುತ್ತದೆ. ಮೊದಲು ಜೇಡರ ಬಲೆಯಂತಹ ಬಿಳಿ ಎಳೆ, ಆಮೇಲೆ ಗುಲಾಬಿ ಪದರ. ಅಷ್ಟರಲ್ಲಿ ಒಳಗಿನ ತೊಗಟೆ ಕೊಳೆತಿರುತ್ತದೆ. ಕೊಳೆ ಸುತ್ತಲೂ ಹಬ್ಬಿದರೆ ಮೇಲಿನ ಗೆಲ್ಲು ಉಳಿಯುವುದಿಲ್ಲ.

ಅಡಿಕೆಯ ದ್ರಾವಣ 1%, ತೊಗಟೆಯ ಮೇಲೆ ನಿಲ್ಲುವುದಿಲ್ಲ. ಇದಕ್ಕೆ 10% ಪೇಸ್ಟ್ ಬೇಕು. 100 ಗ್ರಾಂ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಲ್ಲಿ ಕರಗಿಸಿ. 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಲ್ಲಿ ಅರಳಿಸಿ, ಪೂರ್ತಿ ತಣಿದ ಮೇಲೆ ಸೋಸಿ. ತುತ್ತಿನ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕದಡಿ, ಸುಣ್ಣವನ್ನು ತುತ್ತಿಗೆ ಸುರಿಯಬೇಡಿ. ಪಾತ್ರೆ ಪ್ಲಾಸ್ಟಿಕ್‌ನದೇ ಇರಲಿ. ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಿ. ಮಾಡಿದ ದಿನವೇ ಮುಗಿಸಿ.

ಉತ್ತರ 2
ಬಳಿಯುವಾಗ ಆಗುವ ತಪ್ಪೇ ಹೆಚ್ಚು. ಕಣ್ಣಿಗೆ ಕಂಡ ಗುಲಾಬಿ ಭಾಗಕ್ಕೆ ಮಾತ್ರ ಬಳಿದು ಏಣಿ ಇಳಿದರೆ ಅಂಚಿನಾಚೆಯ ಶಿಲೀಂಧ್ರದ ಎಳೆ ಮುಂದುವರಿಯುತ್ತದೆ. ರೋಗ ಇರುವಲ್ಲಿಂದ 30 ಸೆಂ.ಮೀ. ಮೇಲೆ, 30 ಸೆಂ.ಮೀ. ಕೆಳಗೆ, ಕಾಂಡದ ಹಿಂಬದಿಯೂ ಸೇರಿ ಸುತ್ತ ಬಳಿಯಿರಿ. ತೊಗಟೆ ಬಿರಿದಲ್ಲಿ ಗಟ್ಟಿಯಾದ ಹಾಲಿನ ಪಟ್ಟಿ, ಕೊಳೆತ ತೊಗಟೆ ಎರಡನ್ನೂ ಹೆರೆದು ತೆಗೆಯದೆ ಪೇಸ್ಟ್ ಒಳಗಿಳಿಯುವುದಿಲ್ಲ. ಮಳೆ ಬಿಟ್ಟು ತೊಗಟೆ ಆರಿದ ಹೊತ್ತು ನೋಡಿ ಬಳಿಯಿರಿ. ತೊಳೆದುಹೋದರೆ ಮತ್ತೆ ಬಳಿಯಲೇಬೇಕು.

ಒಣಗಿದ ಆ ಎರಡು ಗಿಡಗಳಲ್ಲಿ ಜೀವ ಇರುವ ತೊಗಟೆ ಸಿಗುವಲ್ಲಿ, ನೀರು ನಿಲ್ಲದಂತೆ ಓರೆಯಾಗಿ ಗರಗಸ ಹಾಕಿ, ಗಾಯಕ್ಕೆ ಪೇಸ್ಟ್ ಹಚ್ಚಿ. ಕಡಿದ ಗೆಲ್ಲನ್ನು ತೋಟದಲ್ಲಿ ಬಿಡದೆ ಸುಟ್ಟುಬಿಡಿ. ಚಿಗುರಲ್ಲಿ ಮೇಲಿನ ಗಟ್ಟಿಯಾದ ಒಂದೆರಡು ಸಾಕು. ಮುಂದೆ ಟ್ಯಾಪಿಂಗ್ ಮಾಡುವ ಜಾಗದಲ್ಲಿ ಬಂದದ್ದನ್ನು ಎಳೆಯದಾಗಿರುವಾಗಲೇ ಚಿವುಟಿ.

ಪ್ರಶ್ನೆ ಕೇಳಿದವರು
ಪಕ್ಕದಲ್ಲೇ ಟ್ಯಾಪಿಂಗ್ ಆಗುತ್ತಿರುವ ಮರಗಳಿವೆ. ಅವಕ್ಕೂ ಬಳಿಯಬಹುದಾ?

ಉತ್ತರ 1
ಬೇಡ. ಪೇಸ್ಟಿನ ತಾಮ್ರ ಹಾಲಿಗೆ ಸೇರಿದರೆ ರಬ್ಬರ್ ಹಾಳಾಗುತ್ತದೆ, ಮಳೆನೀರಲ್ಲಿ ಕವಲಿಂದ ಇಳಿದು ಹಾಲು ಹಿಡಿಯುವ ಚಿಪ್ಪಿಗೇ ಬರುತ್ತದೆ. ಅಂಥ ಮರಗಳಿಗೆ ಒಂದು ಕಿಲೋ ಪೆಟ್ರೋಲಿಯಂ ಗಾಯದ ಮುಲಾಮಿಗೆ 75% ಥೈರಾಮ್ ಎಂಬ ಶಿಲೀಂಧ್ರನಾಶಕ 10 ಗ್ರಾಂ ಕಲಸಿ ಹಚ್ಚಿ.

ಸಣ್ಣ ಗಿಡಗಳಿಗೆ ಮುಂದಿನ ವರ್ಷ ಮೇ ಕೊನೆಯೊಳಗೇ ಕವಲುಗಳಿಗೆ ಪೇಸ್ಟ್ ಆಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತಲೆಯೆತ್ತಿ ಕವಲು ನೋಡುತ್ತಾ ಹೋಗಿ. ಬಿಳಿ ಎಳೆಯ ಹಂತದಲ್ಲೇ ಸಿಕ್ಕರೆ ಹೆರೆಯುವ ಕೆಲಸವೇ ಇಲ್ಲ. ಅಂಚಿನಲ್ಲಿರುವ ಹಲಸು, ಗೇರು, ಕೊಕ್ಕೋವನ್ನೂ ನೋಡಿ, ಇದೇ ರೋಗ ಅವಕ್ಕೂ ಬರುತ್ತದೆ.