ಚಿಕ್ಕಮಗಳೂರಿನಲ್ಲಿ ಬ್ಯಾರಲ್ ಹುಳಿ ಬಿಯರ್: ಮಾಡಿ ನೋಡಿದವರು ಹೇಳಿ

ಗೋಡೌನ್_ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬ್ರೂವರಿಗಳಲ್ಲಿ ಎಂಟು ವರ್ಷ ದುಡಿದು ಊರಿಗೆ ಬಂದಿದ್ದೇನೆ. ಪೇಟೆಯಲ್ಲಿ ಚಿಕ್ಕಪ್ಪನ ಹೆಸರಿನ ಸಿಎಲ್-9 (ಬಾರ್ ಅಂಡ್ ರೆಸ್ಟೋರೆಂಟ್ ಲೈಸೆನ್ಸ್) ಇದೆ. ಹಿಂದೆಯೇ ಹಳೇ ಕಾಫಿ ಗೋಡೌನ್, ಎರಡಡಿ ದಪ್ಪದ ಗೋಡೆ. ಅಲ್ಲಿ ವೈಲ್ಡ್ ಏಲ್ (ಕಾಡು ಯೀಸ್ಟ್, ಬ್ಯಾಕ್ಟೀರಿಯಾದಿಂದ ಹುಳಿಯುವ ಬಿಯರ್) ಒಂದನ್ನೇ ಮಾಡಬೇಕು ಅಂತ ಆಸೆ. ಓಕ್ ಬ್ಯಾರಲ್‌ನಲ್ಲಿ ವರ್ಷ, ಎರಡು ವರ್ಷ ಇಟ್ಟು. ಮೊದಲಿಗೆ 40 ಬ್ಯಾರಲ್. ಚಿಲ್ಲರ್ ಇಲ್ಲದೆ ಬೇಸಿಗೆ ದಾಟಬಹುದಾ? ಹಳೇ ವೈನ್ ಬ್ಯಾರಲ್ ತರುವಾಗ ಏನು ನೋಡಬೇಕು?

ಕೈಮರದವನು:
ನನ್ನ ಕಥೆ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ. 2018ರಲ್ಲಿ ನಾಸಿಕ್ ಕಡೆಯಿಂದ 12 ಬ್ಯಾರಲ್ ತಂದೆ. 225 ಲೀಟರ್‌ನವು. ಒಂದಕ್ಕೆ 17,500. ಲಾರಿ ಬಾಡಿಗೆ 46,000, ಇಳಿಸುವವರಿಗೆ 3,000. ಮೇ ತಿಂಗಳ ಬಿಸಿಲಲ್ಲಿ ಬಂದಿದ್ದರಿಂದ ಹಲಗೆ ಒಣಗಿ ಕಬ್ಬಿಣದ ಪಟ್ಟಿಗಳು ಕೈಯಲ್ಲೇ ಜಾರುತ್ತಿದ್ದವು. ಎರಡು ದಿನ ಬಿಸಿನೀರು ತುಂಬಿಸಿಟ್ಟೆ. ಒಂಬತ್ತು ಬಿಗಿಯಾದವು. ಮೂರು ಸೋರುತ್ತಲೇ ಇದ್ದವು, ಜೇನುಮೇಣ ಬಿಸಿ ಮಾಡಿ ಸಂದಿಗೆ ತುಂಬಿದೆ.

ಮಳೆಗಾಲ, ಚಳಿಗಾಲ ಚೆನ್ನಾಗಿ ಹೋಯಿತು. ಜನವರಿಯಲ್ಲಿ ಬಿರಟೆ ತೆಗೆದರೆ ಅನಾನಸ್ ಘಮ, ಅದರ ಹಿಂದೆ ಒದ್ದೆ ಗೋಣಿಚೀಲದ ವಾಸನೆ. ಬ್ರೆಟ್ ಅನ್ನುವ ಕಾಡು ಯೀಸ್ಟ್ ಕೆಲಸ ಮಾಡುತ್ತಿದೆ ಅಂತ ಖುಷಿಪಟ್ಟೆ. ಖುಷಿಗೆ ವಾರ ವಾರ ತೆಗೆದು ರುಚಿ ನೋಡಿದೆ. ಮಾರ್ಚ್ ಕೊನೆಗೆ ರೂಮು 28 ಡಿಗ್ರಿ. ಏಪ್ರಿಲ್ 20ಕ್ಕೆ ಮೊದಲ ಬ್ಯಾರಲ್ ನೇಲ್ ಪಾಲಿಶ್ ವಾಸನೆ ಹೊಡೆಯಿತು. ಮೇ ಮುಗಿಯುವುದರೊಳಗೆ ಏಳು ಹೋದವು. 1,575 ಲೀಟರ್. ಶೆಡ್ ಹಿಂದೆ ನಿಂತು ನಾನೇ ಚರಂಡಿಗೆ ಬಿಟ್ಟೆ, ಆಳುಗಳಿಗೆ ಹೇಳಲು ಮನಸ್ಸು ಬರಲಿಲ್ಲ. ಆ ತಿಂಗಳೂ ಇಎಂಐ 61,000 ಕಟ್ಟಿದೆ. ಚಿಲ್ಲರ್ ಆಮೇಲೆ ಹಾಕಿಸಿದೆ, 3,80,000. ಮೊದಲೇ ಹಾಕಿಸಿ, ಅಷ್ಟೇ.

ಹಾಸನ_ಮಾಲ್ಟ್:
ಕೈಮರದವರೇ, ನಿಮ್ಮ ಬಿಯರ್ ಕೆಡಿಸಿದ್ದು ಬಿಸಿಲಲ್ಲ, ಬಿರಟೆ. ವಾರ ವಾರ ತೆಗೆದರೆ ಗಾಳಿ ಒಳಗೆ ಹೋಗದೆ ಇರುತ್ತಾ? ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ವಿನೆಗರ್ ಮಾಡಿಯೇ ಮಾಡುತ್ತದೆ. ಮೇಲೆ ಕಟ್ಟುವ ಬಿಳಿ ಪೊರೆಯನ್ನು ಮುಟ್ಟಲೇಬಾರದು. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನ್ನಿ ಸಿಲುರ್ಜೊ ತೋರಿಸಿಕೊಟ್ಟ ಉಪಾಯ ಇದೆ. ಬ್ಯಾರಲ್ ಮುಖದ ಹಲಗೆಗೆ ಸಣ್ಣ ತೂತು ಕೊರೆದು ಸ್ಟೀಲ್ ಮೊಳೆ ಹೊಡೆಯುವುದು. ಮೊಳೆ ಎಳೆದರೆ ಎಳೆಯಷ್ಟು ಸಣ್ಣ ಧಾರೆ ಲೋಟಕ್ಕೆ ಬರುತ್ತದೆ. ಮತ್ತೆ ಮೊಳೆ ಒತ್ತಿದರೆ ಮುಗಿಯಿತು. ನಾನು ಮೂರು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ, ಒಂದೂ ಹೋಗಿಲ್ಲ.

ನಾನು ಪೆಟ್ಟು ತಿಂದಿದ್ದು ಬೇರೆ ಕಡೆ. ಬ್ರಸೆಲ್ಸ್‌ನ ಕ್ಯಾಂಟಿಲಾನ್ ಬ್ರೂವರಿಯವರು ಬಿಸಿ ವೋರ್ಟ್ (ಇನ್ನೂ ಹುದುಗದ ಮಾಲ್ಟ್ ರಸ) ಅನ್ನು ಅಗಲ ತಾಮ್ರದ ತೊಟ್ಟಿಗೆ ಸುರಿದು ರಾತ್ರಿಯಿಡೀ ಬಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟ್ ಬಂದು ಕೂರಬೇಕು. ಅವರು ಚಳಿ ತಿಂಗಳಲ್ಲಿ ಮಾತ್ರ ಅದನ್ನು ಮಾಡುವುದು. ನಾನೂ ಡಿಸೆಂಬರ್‌ನಲ್ಲಿ ಸ್ಟೀಲ್ ತೊಟ್ಟಿ ಮಾಡಿಸಿ 500 ಲೀಟರ್ ಬಿಟ್ಟೆ. ತೊಟ್ಟಿಗೆ 88,000. ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಐದನೇ ದಿನ ಕೊಳೆತ ಎಲೆಕೋಸಿನ ವಾಸನೆ. ಎರಡು ಬ್ಯಾಚ್ ಚೆಲ್ಲಿದೆ. ಮೂರನೆಯದಕ್ಕೆ ಮೊದಲೇ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಎಚ್ 4.4ಕ್ಕೆ ಇಳಿಸಿದೆ. ಆ ಕೊಳೆತ ವಾಸನೆ ತರುವ ಬ್ಯಾಕ್ಟೀರಿಯಾಗೆ ಹುಳಿ ತಡೆಯಲು ಆಗುವುದಿಲ್ಲ. ಈಗ ಅದಕ್ಕೆ 26 ತಿಂಗಳು. ಹಾಸನದ ಗಾಳಿಯಲ್ಲಿ ಹುಟ್ಟಿದ ಬಿಯರ್ ಅದು. ಅದರ ಬಗ್ಗೆ ಯಾರು ಏನೇ ಹೇಳಿದರೂ ನನಗೆ ಹೆಮ್ಮೆ ಇದೆ.

ಕೈಮರದವನು:
ಸರ್, ಹಾಸನದ ಸಿಮೆಂಟ್ ಕಟ್ಟಡದ ನೆಲಮಾಳಿಗೆ ಬೇರೆ, ನನ್ನ ಹಂಚಿನ ಶೆಡ್ ಬೇರೆ. ಬಿರಟೆ ತೆಗೆದಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಮುಟ್ಟದೆ ಬಿಟ್ಟಿದ್ದ ಎರಡು ಬ್ಯಾರಲ್ ಕೂಡ ಹೋದವು. ಅದಕ್ಕೆ ಏನು ಹೇಳುತ್ತೀರಿ?

ಹಾಸನ_ಮಾಲ್ಟ್:
ಮೇಣ ತುಂಬಿದ ಬ್ಯಾರಲ್‌ಗಳೇ ಇರಬೇಕು ಅವು. ಸಂದಿಯಿಂದ ಬಿಯರ್ ಸೋರುತ್ತದೆ ಅಂದರೆ ಅಲ್ಲಿಂದಲೇ ಗಾಳಿಯೂ ಹೋಗುತ್ತದೆ.

ಆಲ್ದೂರಿನವಳು:
ಇಬ್ಬರೂ ಬ್ಯಾರಲ್ ಬಗ್ಗೆಯೇ ಜಗಳ ಆಡುತ್ತಿದ್ದೀರಿ. ಕುಡಿಯುವವರು ಯಾರು ಅಂತ ಯಾರೂ ಹೇಳುತ್ತಿಲ್ಲ. ನಮ್ಮ ಪಬ್‌ನಲ್ಲಿ ಆರು ಬ್ಯಾರಲ್ ಇಟ್ಟಿದ್ದೆ, 14 ತಿಂಗಳು. ತೋಟದ ಕಿತ್ತಳೆ ಸಿಪ್ಪೆ ಹಾಕಿ ಎಷ್ಟು ಪ್ರೀತಿಯಿಂದ ಮಾಡಿದ್ದೆ ಗೊತ್ತಾ? ಮೊದಲ ಶನಿವಾರ ನಾಲ್ಕು ಟೇಬಲ್‌ನವರು ಲೋಟ ವಾಪಸ್ ಕಳಿಸಿದರು. "ಮೇಡಂ, ಕೆಟ್ಟು ಹೋಗಿದೆ." ಮುಳ್ಳಯ್ಯನಗಿರಿ ನೋಡಿಕೊಂಡು ಬರುವವರಿಗೆ ತಣ್ಣಗಿನ ಗೋಧಿ ಬಿಯರ್ ಬೇಕು. ಆ ವಾರ ಹೋಗಿದ್ದು ಒಂಬತ್ತೇ ಲೋಟ.

ಬಾಟಲಿ ಮಾಡಿ ಬೆಂಗಳೂರಿಗೆ ಕಳಿಸೋಣ ಅಂದರೆ ಮೈಕ್ರೋಬ್ರೂವರಿಗೆ ಅದು ಇಲ್ಲ. ಮಾಡಿದ್ದು ಅಲ್ಲೇ ಕುಡಿಸಬೇಕು. 2020ರಲ್ಲಿ ಸ್ವಲ್ಪ ದಿನ ಪಾರ್ಸಲ್ ಬಿಟ್ಟಿದ್ದರು, ಅಷ್ಟೇ. ಬೆಲ್ಜಿಯಂನಲ್ಲಿ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ (ಗಾಳಿಯ ಯೀಸ್ಟ್‌ನಿಂದ ಹುದುಗಿದ ಹುಳಿ ಬಿಯರ್) ಬೆರೆಸಿ ಗ್ಯೂಜ್ ಅಂತ ಮಾಡುತ್ತಾರಲ್ಲ, ಅದಕ್ಕೆ ನೊರೆ ಬರುವುದೇ ಬಾಟಲಿಯೊಳಗೆ. ಇಲ್ಲಿ ಅದನ್ನು ಹೇಗೆ ಮಾಡುತ್ತೀರಿ?

ಇನ್ನೊಂದು ನೋವು. ಹುಳಿ ಬಿಯರ್‌ಗೂ ಗೋಧಿ ಬಿಯರ್‌ಗೂ ಒಂದೇ ಪೈಪ್ ಬಳಸಿದ ನಮ್ಮ ಹುಡುಗ. ರಬ್ಬರ್ ವಾಷರ್‌ನಲ್ಲಿ ಬ್ರೆಟ್, ಹುಳಿ ಬ್ಯಾಕ್ಟೀರಿಯಾ ಸೇರಿಕೊಂಡು 600 ಲೀಟರ್ ಗೋಧಿ ಬಿಯರ್ ಹುಳಿಯಾಯಿತು. ಎಲ್ಲ ಪೈಪು, ವಾಷರ್, ವಾಲ್ವ್ ಬದಲಿಸಲು 1,12,000. ಈಗ ಬ್ಯಾರಲ್ ಒಂದೂ ಇಲ್ಲ. ಹೂವಿನ ಕುಂಡ ಮಾಡಿದ್ದೇನೆ ಅಂತ ನಗಬೇಡಿ, ನನಗೆ ಇನ್ನೂ ಅಳು ಬರುತ್ತದೆ.

ಹಾಸನ_ಮಾಲ್ಟ್:
ಮೇಡಂ, ಕುಡಿಯುವವರಿಗೆ ಹೇಳಿಕೊಡಬೇಕು. ಒಂದೇ ಶನಿವಾರಕ್ಕೆ ಸೋತರೆ ಹೇಗೆ?

ಆಲ್ದೂರಿನವಳು:
ಹದಿನಾಲ್ಕು ತಿಂಗಳ ಬಡ್ಡಿ ಕಟ್ಟಿದವಳು ನಾನು. ಒಂದು ಶನಿವಾರ ಅಂತ ಹಗುರವಾಗಿ ಮಾತಾಡಬೇಡಿ.

ಸಕಲೇಶಪುರ_ಮರ:
ಹಳೇ ಫ್ರೆಂಚ್ ಓಕ್‌ಗೆ ಯಾಕೆ ಅಷ್ಟು ದುಡ್ಡು ಸುರಿಯುತ್ತೀರಿ ಮಾರಾಯ್ರೆ? ನಮ್ಮ ಊರಿನ ಆಚಾರ್ರು ಹಲಸಿನ ಮರದಲ್ಲಿ 60 ಲೀಟರ್ ಪೀಪಾಯಿ ಮಾಡಿಕೊಟ್ಟರು. ಮರ ನಮ್ಮದೇ, ಕೂಲಿ 9,000. ಬ್ರೆಜಿಲ್‌ನಲ್ಲಿ ಕಶಾಸಾವನ್ನು (ಕಬ್ಬಿನ ಮದ್ಯ) ಅವರ ಕಾಡಿನ ಮರದಲ್ಲೂ ಇಡುತ್ತಾರೆ. ನಾವು ಯಾಕೆ ಇಡಬಾರದು? ತೋಟದಲ್ಲಿ ಸಿಲ್ವರ್ ಓಕ್ ಕೂಡ ಬೇಕಾದಷ್ಟಿದೆ.

ಕೈಮರದವನು:
ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆ ಜಾತಿಯ ಮರ. ದಯವಿಟ್ಟು ಹುಡುಗನಿಗೆ ಅದನ್ನು ಹೇಳಬೇಡಿ. ಬಿಳಿ ಓಕ್‌ನ ನಾಳಗಳು ಒಳಗಿನಿಂದಲೇ ಮುಚ್ಚಿಕೊಂಡಿರುತ್ತವೆ, ಅದಕ್ಕೇ ಅದು ಸೋರುವುದಿಲ್ಲ. ನಿಮ್ಮ ಹಲಸಿನ ಪೀಪಾಯಿ ಸೋರಲಿಲ್ಲವಾ?

ಸಕಲೇಶಪುರ_ಮರ:
ಮೊದಲ ತಿಂಗಳು 11 ಲೀಟರ್ ಕಡಿಮೆ ಆಯಿತು. ಬಿಯರ್ ಅರಿಸಿನ ಬಣ್ಣಕ್ಕೆ ತಿರುಗಿತು. ಹಲಸು ಬಣ್ಣ ಬಿಡುತ್ತದೆ, ಅದು ಎಲ್ಲರಿಗೂ ಗೊತ್ತು. ಹಾಗಂತ ರುಚಿ ಕೆಟ್ಟಿಲ್ಲ. ಕುಡಿಯದೆ ಮಾತಾಡಬೇಡಿ.

ಕೈಮರದವನು:
ಅರವತ್ತರಲ್ಲಿ ಹನ್ನೊಂದು ಹೋದರೆ ಅದು ಪೀಪಾಯಿಯಲ್ಲ, ಜರಡಿ.

ಗೋಡೌನ್_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ವಿಷಯ ನನಗೆ ಗೊತ್ತಿತ್ತು. ಆದರೆ ಹದಿನಾಲ್ಕು ತಿಂಗಳ ಬಡ್ಡಿ ಲೆಕ್ಕ ಹಾಕಿರಲಿಲ್ಲ. ನಿನ್ನೆ ಗೋಡೌನ್‌ನಲ್ಲಿ ಥರ್ಮಾಮೀಟರ್ ಇಟ್ಟೆ, ಮಧ್ಯಾಹ್ನ ಮೂರಕ್ಕೆ 26 ಇತ್ತು. ಕೈಮರದವರೇ, ನಿಮ್ಮಲ್ಲಿ ಉಳಿದ ಐದು ಬ್ಯಾರಲ್ ಈಗ ಹೇಗಿವೆ?

ಕೈಮರದವನು:
ನಾಲ್ಕು ಚೆನ್ನಾಗಿವೆ. ಐದನೆಯದು ದಾರ ದಾರವಾಗಿದೆ, ಲೋಟದಿಂದ ಸುರಿದರೆ ಎಣ್ಣೆಯ ಹಾಗೆ ಇಳಿಯುತ್ತದೆ. ಪೆಡಿಯೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ ಅದು. ಬ್ರೆಟ್ ನಿಧಾನಕ್ಕೆ ಸರಿ ಮಾಡುತ್ತದೆ ಅಂತ ಆರು ತಿಂಗಳಿಂದ ಕಾಯುತ್ತಿದ್ದೇನೆ. ಭಾನುವಾರ ಬನ್ನಿ, ಈಗ ನಾನೂ ಮೊಳೆ ಹೊಡೆಸಿದ್ದೇನೆ.

ಸಕಲೇಶಪುರ_ಮರ:
ನಾನೂ ಹಲಸಿನದು ಒಂದು ಬಾಟಲಿ ತರುತ್ತೇನೆ. ಕುಡಿದ ಮೇಲೆ ಜರಡಿ ಅನ್ನಿ ನೋಡೋಣ.